ಎಂಟು ಬಿಟ್ ಸಿಪಿಯು, ಹನ್ನೊಂದನೇ ವಾರ: ಫ್ಲ್ಯಾಗ್ ರಿಜಿಸ್ಟರ್ ಜಾಗ ಬದಲಿಸಿತು

ಚಿಪ್‌ಗಳನ್ನು ಜೋಡಿಸಿ ನಾನೇ ಕಟ್ಟುತ್ತಿರುವ ಸಿಪಿಯು ಕೊನೆಗೂ 2 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 20 ಲಕ್ಷ ಸುತ್ತಿನಲ್ಲಿ, ಓಡಿತು! ಮೂರು ವಾರದಿಂದ ಒಂದೇ ತೊಂದರೆ. 1 ಮೆಗಾಹರ್ಟ್ಸ್‌ನಲ್ಲಿ ಎಲ್ಲ ಸರಿ. ವೇಗ ಹೆಚ್ಚಿಸಿದರೆ ಕೂಡುವ ಲೆಕ್ಕ ಸರಿಯಾಗಿಯೇ ಬರುತ್ತಿತ್ತು, ಕಂಡೀಷನಲ್ ಜಂಪ್ (ಹಿಂದಿನ ಲೆಕ್ಕದ ಫಲ ನೋಡಿ ಪ್ರೋಗ್ರಾಂನ ಬೇರೆ ಜಾಗಕ್ಕೆ ಹಾರುವ ಆದೇಶ) ಮಾತ್ರ ತಪ್ಪುತ್ತಿತ್ತು.

ಎಎಲ್‌ಯುಗೆ, ಅಂದರೆ ಲೆಕ್ಕ ಮಾಡುವ ಭಾಗಕ್ಕೆ, ಎರಡು 74ಎಲ್‌ಎಸ್181 ಚಿಪ್ ಹಾಕಿದ್ದೇನೆ. ಒಂದೊಂದೂ 4 ಬಿಟ್ ನೋಡಿಕೊಳ್ಳುತ್ತದೆ. ಕೆಳಗಿನ ಚಿಪ್‌ನ ಕ್ಯಾರಿ (ಕೂಡುವಾಗ ಮುಂದಿನ ಸ್ಥಾನಕ್ಕೆ ದಾಟುವ ಅಂಕಿ) ಬರುವವರೆಗೆ ಮೇಲಿನದು ಕಾಯಬೇಕು. ನಾನು ಆ ಕ್ಯಾರಿಯ ಮೇಲೇ ಅನುಮಾನಪಟ್ಟು ಒಂದು ವಾರ ಕಳೆದೆ. ಆಸಿಲೋಸ್ಕೋಪ್ ಇಟ್ಟು ನೋಡಿದಾಗ ಅದರದ್ದೇನೂ ತಪ್ಪಿರಲಿಲ್ಲ. ತಡವಾಗುತ್ತಿದ್ದದ್ದು ಝೀರೋ ಫ್ಲ್ಯಾಗ್, ಫಲ ಸೊನ್ನೆಯೇ ಎಂದು ಹೇಳುವ ಬಿಟ್. ಇಂಥ ಬಿಟ್‌ಗಳನ್ನು ಹಿಡಿದಿಡುವುದೇ ಫ್ಲ್ಯಾಗ್ ರಿಜಿಸ್ಟರ್. ಎಎಲ್‌ಯು ಒಂದು ಬೋರ್ಡ್, ಫ್ಲ್ಯಾಗ್ ಇನ್ನೊಂದು, ಕಂಟ್ರೋಲ್ ಮತ್ತೊಂದು. ನಡುವೆ ರಿಬ್ಬನ್ ಕೇಬಲ್, ಪ್ರತಿ ತುದಿಯಲ್ಲೂ ಸಿಗ್ನಲ್‌ಗೆ ಬಲ ಕೊಡುವ ಬಫರ್ ಚಿಪ್. 2 ಮೆಗಾಹರ್ಟ್ಸ್ ಅಂದರೆ ಒಂದು ಸುತ್ತಿಗೆ 500 ನ್ಯಾನೋಸೆಕೆಂಡ್. ಅದರಲ್ಲಿ 150 ಕಂಟ್ರೋಲ್‌ನ ಇಇಪ್ರಾಮ್ ಮೆಮೊರಿ ಚಿಪ್‌ಗೇ ಹೋಗುತ್ತದೆ. ಉಳಿದದ್ದರಲ್ಲಿ ಕೇಬಲ್ ದಾಟಿದ ಸಿಗ್ನಲ್ ಅಲುಗಾಡಿ ನಿಲ್ಲುವ ಹೊತ್ತಿಗೆ ಕ್ಲಾಕ್ ಬಂದು ಹೋಗಿರುತ್ತಿತ್ತು.

ಫ್ಲ್ಯಾಗ್ ರಿಜಿಸ್ಟರನ್ನು ಎಎಲ್‌ಯು ಪಕ್ಕಕ್ಕೇ ತಂದೆ. ಈಗ ಫಲದ ಎಂಟು ಬಿಟ್ ಆಚೆ ಹೋಗಬೇಕಿಲ್ಲ, ಝೀರೋ ಮತ್ತು ಕ್ಯಾರಿ ಎರಡೇ ತಂತಿ ದಾಟುತ್ತವೆ. ಚಿಪ್‌ಗಳ ಲೆಕ್ಕ ಒಂದೂ ಕಮ್ಮಿಯಾಗಲಿಲ್ಲ, ವೇಗ ಎರಡು ಪಟ್ಟಾಯಿತು. ಅಂದರೆ ಎಷ್ಟು ಚಿಪ್ ಅನ್ನುವುದಕ್ಕಿಂತ ಬೋರ್ಡ್‌ಗಳಾಗಿ ಎಲ್ಲಿ ಕತ್ತರಿಸಿದೆವು ಅನ್ನುವುದೇ ಮುಖ್ಯ, ಅಲ್ವಾ?

ಈ ಕಣ್ಣಿನಿಂದ ನೋಡಿದರೆ ಹಳೆಯ ಚಿಪ್‌ಗಳೂ ಬೇರೆಯಾಗಿ ಕಾಣುತ್ತವೆ. 1971ರ ಇಂಟೆಲ್ 4004 ಇಡೀ ಸಿಪಿಯುವನ್ನು ಒಂದೇ ಚಿಪ್‌ಗೆ ತಂದಿತು, ಸುಮಾರು 2,300 ಟ್ರಾನ್ಸಿಸ್ಟರ್. ಆದರೆ ಇದ್ದದ್ದು 16 ಪಿನ್. 12 ಬಿಟ್ ವಿಳಾಸವನ್ನು ನಾಲ್ಕು ನಾಲ್ಕಾಗಿ ಮೂರು ಕಂತಿನಲ್ಲಿ ಹೊರಗೆ ಕಳಿಸಬೇಕಿತ್ತು. ಒಳಗೆ ಉಳಿಸಿದ ಸಮಯದಲ್ಲಿ ಒಂದು ಪಾಲು ಮೆಮೊರಿಯ ಬಾಗಿಲಲ್ಲಿ ಹೋಯಿತು. 2019ರಲ್ಲಿ ಎಎಂಡಿ ಕಂಪನಿ ತನ್ನ ಝೆನ್ 2 ವಿನ್ಯಾಸದಲ್ಲಿ ಸಿಪಿಯುವನ್ನು ಮತ್ತೆ ತುಂಡು ಮಾಡಿತು. ಆದರೆ ಲೆಕ್ಕ ಮಾಡುವ ಕೋರ್ ಮತ್ತು ಅದರ ಕ್ಯಾಶ್ (ಹತ್ತಿರದ ಚಿಕ್ಕ, ವೇಗದ ಮೆಮೊರಿ) ಒಟ್ಟಿಗೇ ಉಳಿದವು, ಮೆಮೊರಿ ಕಂಟ್ರೋಲರ್ ಬೇರೆ ಚಿಪ್‌ಗೆ ಹೋಯಿತು. ಮೆಮೊರಿ ಹೇಗೂ ದೂರ, ಅಲ್ಲಿ ಇನ್ನೊಂದಿಷ್ಟು ತಡವಾದರೆ ತಡೆದುಕೊಳ್ಳಬಹುದು. ಚಿಕ್ಕ ಚಿಪ್‌ನಲ್ಲಿ ದೋಷ ಬಂದರೆ ಎಸೆಯುವ ಸಿಲಿಕಾನ್ ಕೂಡ ಕಮ್ಮಿ. ನನಗೆ ಇದು ತುಂಬ ಚೆಂದವಾಗಿ ಕತ್ತರಿಸಿದ ಜಾಗ ಅನ್ನಿಸುತ್ತದೆ.

ನನ್ನ ಸಿಪಿಯುವಿನ ಇದೇ ವಿನ್ಯಾಸವನ್ನು ಎಫ್‌ಪಿಜಿಎಗೂ (ಒಳಗಿನ ಸರ್ಕ್ಯೂಟನ್ನು ನಾವೇ ಹೊಂದಿಸಬಲ್ಲ ಚಿಪ್) ಹಾಕಿದೆ. 50 ಮೆಗಾಹರ್ಟ್ಸ್‌ನಲ್ಲಿ ಸುಮ್ನೆ ಓಡಿತು. ಆದರೆ ಅಲ್ಲಿ ಕ್ಯಾರಿ ತಂತಿಗೆ ಪ್ರೋಬ್ ಹಚ್ಚಿ ನೋಡುವಂತಿಲ್ಲ, ಹಾಗಾಗಿ ಬೋರ್ಡ್‌ಗಳನ್ನು ಬಿಡುವುದಿಲ್ಲ.

ಮುಂದಿನ ವಾರ ಪ್ರೋಗ್ರಾಂ ಕೌಂಟರ್, ಅಂದರೆ ಮುಂದಿನ ಆದೇಶದ ವಿಳಾಸ ಇಟ್ಟುಕೊಳ್ಳುವ ರಿಜಿಸ್ಟರ್. ಈಗ ಅದು ರಿಜಿಸ್ಟರ್ ಬೋರ್ಡ್‌ನಲ್ಲಿದೆ. ಮೆಮೊರಿ ಬೋರ್ಡ್‌ಗೆ ಸರಿಸಿದರೆ 16 ತಂತಿ ದಾಟುವುದು ತಪ್ಪುತ್ತದೆ, ಆದರೆ ಜಂಪ್ ವಿಳಾಸ ಅಲ್ಲಿಗೆ ಹೋಗಬೇಕಾಗುತ್ತದೆ. ಕಾಗದದ ಮೇಲೆ ಎರಡನ್ನೂ ಬರೆದು ತಂತಿ ಎಣಿಸುತ್ತಿದ್ದೇನೆ.