ಒಪೆರಾ ಕಂಡಕ್ಟರ್ ತಯಾರಾಗುವುದು ತಾಲೀಮು ಕೋಣೆಯ ಪಿಯಾನೊ ಮುಂದೆ

ಜರ್ಮನಿಯ ಮಧ್ಯಮ ಗಾತ್ರದ ನಗರ ರಂಗಮಂದಿರವೊಂದರ ಒಪೆರಾ (ಕಥೆಯನ್ನು ಹಾಡಿ ಆಡುವ ಪಾಶ್ಚಾತ್ಯ ಸಂಗೀತ ನಾಟಕ) ವಿಭಾಗದಲ್ಲಿ ನಾನು ಕೊರೆಪೆಟಿಟರ್ ಆಗಿದ್ದೇನೆ. ಪಿಯಾನೊ ನುಡಿಸುತ್ತಾ ಗಾಯಕರಿಗೆ ಅವರವರ ಪಾತ್ರವನ್ನು ಕಲಿಸುವುದು, ರಂಗ ತಾಲೀಮಿನಲ್ಲಿ ಇಡೀ ವಾದ್ಯವೃಂದದ ಭಾಗವನ್ನು ಒಬ್ಬಳೇ ಕುಳಿತು ನುಡಿಸುವುದು, ಪ್ರದರ್ಶನದ ರಾತ್ರಿ ತೆರೆಮರೆಯಲ್ಲಿ ನಿಂತು ಅಲ್ಲಿನ ಗಾಯಕವೃಂದವನ್ನು ನಡೆಸುವುದು ನನ್ನ ಕೆಲಸ. ಇದೇ ಹುದ್ದೆಯಿಂದ ಹೊರಟು, ಕೈಸನ್ನೆಯಿಂದಲೇ ವಾದ್ಯವೃಂದ ಮತ್ತು ಗಾಯಕರನ್ನು ನಡೆಸುವ ಕಂಡಕ್ಟರ್ ಆಗುವ ಯುವಕ ಯುವತಿಯರನ್ನು ಹತ್ತಿರದಿಂದ ನೋಡುತ್ತಾ ಬಂದಿರುವುದರಿಂದ, ಅವರು ಏನನ್ನು ಕಲಿತು ಮೇಲೇರುತ್ತಾರೆ ಎಂಬುದನ್ನು ಹೇಳಬೇಕೆನಿಸಿದೆ.

ಜರ್ಮನ್ ಮಾತಾಡುವ ದೇಶಗಳಲ್ಲಿ ಈ ಏಣಿ ಹಳೆಯದು. ಕೊರೆಪೆಟಿಟರ್ ಆದವರು ಮುಂದೆ ಕಪೆಲ್‌ಮೈಸ್ಟರ್, ಅಂದರೆ ರಂಗಮಂದಿರದ ಕಂಡಕ್ಟರ್ ಆಗುತ್ತಾರೆ, ಕೆಲವರು ಕೊನೆಗೆ ರಂಗಮಂದಿರದ ಸಂಗೀತದ ಪೂರ್ಣ ಹೊಣೆ ಹೊರುತ್ತಾರೆ. ಹೆಸರಾಂತ ಕಂಡಕ್ಟರ್ ಜಾರ್ಜ್ ಶೋಲ್ಟಿ 1930ರ ದಶಕದಲ್ಲಿ ಬುಡಾಪೆಸ್ಟ್ ಒಪೆರಾದಲ್ಲಿ ಇದೇ ಕೆಲಸ ಮಾಡಿದವರು. ನಮ್ಮ ಕಾಲದ ಉದಾಹರಣೆ ಬೇಕೆಂದರೆ, 1986ರಲ್ಲಿ ಹುಟ್ಟಿದ ಯೋಆನಾ ಮಾಲ್ವಿಟ್ಸ್ ಅವರನ್ನು ನೋಡಬಹುದು. 2006ರಲ್ಲಿ ಹೈಡೆಲ್‌ಬರ್ಗ್ ರಂಗಮಂದಿರವನ್ನು ಕೊರೆಪೆಟಿಟರ್ ಆಗಿ ಸೇರಿದ ಅವರು, ‘ಮದಾಮ ಬಟರ್‌ಫ್ಲೈ’ ಒಪೆರಾದ ಅಲ್ಲಿನ ಮೊದಲ ಪ್ರದರ್ಶನವನ್ನು ಕೊನೆಗಳಿಗೆಯಲ್ಲಿ ಬದಲಿಯಾಗಿ ನಡೆಸಿಕೊಟ್ಟರು. 2014ರಲ್ಲಿ ಎರ್ಫುರ್ಟ್ ರಂಗಮಂದಿರ, 2018ರಲ್ಲಿ ನ್ಯೂರೆಂಬರ್ಗ್ ರಂಗಮಂದಿರ, 2020ರಲ್ಲಿ ಸಾಲ್ಜ್‌ಬರ್ಗ್ ಉತ್ಸವದ ‘ಕೊಸೀ ಫಾನ್ ತುತ್ತೆ’ ಒಪೆರಾ, 2023ರಲ್ಲಿ ಬರ್ಲಿನ್ನಿನ ಕೊನ್ಸೆರ್ಟ್‌ಹೌಸ್ ವಾದ್ಯವೃಂದ ಅವರ ಕೈಗೆ ಬಂದವು. ಹೊರಗಿನವರಿಗೆ ಇದು ಭರದ ಏರಿಕೆಯೆಂದು ಕಾಣುತ್ತದೆ. ಆದರೆ ಕೊನೆಗಳಿಗೆಯಲ್ಲಿ ಕರೆದಾಗ ಒಪೆರಾವೊಂದನ್ನು ನಡೆಸಬಲ್ಲವರು, ಅದರ ಪ್ರತಿಯೊಂದು ಪಾತ್ರವನ್ನೂ ತಿಂಗಳುಗಟ್ಟಲೆ ನುಡಿಸಿ, ಬಾರದ ಗಾಯಕರ ಬದಲು ತಾವೇ ಹಾಡಿ ಮೈಗೂಡಿಸಿಕೊಂಡವರು ಮಾತ್ರ ಎಂಬುದು ಒಳಗಿರುವ ನಮಗೆ ಗೊತ್ತಿದೆ.

ಹಾಗೆ ಮೈಗೂಡುವ ಸಂಗತಿಗಳಲ್ಲಿ ಮೊದಲನೆಯದು ಉಸಿರು. ಇಟಲಿಯ ಸಂಗೀತಕಾರ ಪುಚ್ಚೀನಿಯ ‘ಲಾ ಬೊಯೆಮ್’ ಒಪೆರಾದ ಮೊದಲ ಅಂಕದಲ್ಲಿ ನಾಯಕಿ ಮಿಮಿ ತನ್ನ ಪರಿಚಯ ಹೇಳಿಕೊಳ್ಳುವ ಹಾಡಿದೆ. ಅಲ್ಲಿಯವರೆಗೆ ಕಸೂತಿಯ ಕೆಲಸ, ಒಂಟಿ ಕೋಣೆ ಎಂದು ಮಾತಿನ ಧಾಟಿಯಲ್ಲೇ ಹೇಳುತ್ತಾ ಬಂದವಳು, ಹಿಮ ಕರಗಿದಾಗ ಮೊದಲ ಬಿಸಿಲು ತನ್ನದೇ ಎನ್ನುವ ಸಾಲಿಗೆ ಬರುತ್ತಲೇ ರಾಗ ಅರಳುತ್ತದೆ, ಲಯ ಹಿಗ್ಗುತ್ತದೆ. ಅದಕ್ಕೆ ಮುನ್ನ ಗಾಯಕಿ ಆಳವಾದ ಉಸಿರು ತೆಗೆದುಕೊಳ್ಳಲೇಬೇಕು, ಮತ್ತು ಆ ಉಸಿರಿಗೆ ಬೇಕಾಗುವ ಸಮಯ ಇವತ್ತಿದ್ದಷ್ಟೇ ನಾಳೆ ಇರುವುದಿಲ್ಲ. ಕಂಡಕ್ಟರ್ ಕೈ ಬೇಗ ಇಳಿದರೆ ತಂತಿವಾದ್ಯಗಳು ಅವಳನ್ನು ಬಿಟ್ಟು ಮುಂದೆ ಹೋಗುತ್ತವೆ. ತಡವಾದರೆ ಸಾಲಿನ ನಡುವೆಯೇ ಅವಳ ಉಸಿರು ಮುಗಿಯುತ್ತದೆ. ಪಿಯಾನೊದಲ್ಲಿ ಈ ಜಾಗವನ್ನು ಬೇರೆ ಬೇರೆ ಗಾಯಕಿಯರೊಂದಿಗೆ ಮತ್ತೆ ಮತ್ತೆ ನುಡಿಸಿದವರಿಗೆ ಅವಳ ಭುಜ ಮತ್ತು ಪಕ್ಕೆಲುಬುಗಳ ಚಲನೆಯಿಂದಲೇ ಉಸಿರಿನ ಅಳತೆ ತಿಳಿಯುತ್ತದೆ. ಯಕ್ಷಗಾನದ ಭಾಗವತರು ತಾವೇ ಹಾಡುತ್ತಾ ಆಟವನ್ನು ನಡೆಸುವುದರಿಂದ ಉಸಿರು ಅವರದೇ ಆಗಿರುತ್ತದೆ. ಒಪೆರಾ ಕಂಡಕ್ಟರ್ ಸದ್ದಿಲ್ಲದೆ ನಿಂತು ಇನ್ನೊಬ್ಬರ ಉಸಿರಿನ ಮೇಲೆ ಇಡೀ ವಾದ್ಯವೃಂದವನ್ನು ನಡೆಸಬೇಕು.

ಎರಡನೆಯದು ದೂರ. ಪುಚ್ಚೀನಿಯದೇ ‘ತೊಸ್ಕಾ’ದ ಎರಡನೆಯ ಅಂಕದಲ್ಲಿ ರಂಗದ ಮೇಲೆ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ವಿಚಾರಣೆ ನಡೆಸುತ್ತಿರುವಾಗ, ಕಿಟಕಿಯಾಚೆ ನಾಯಕಿ ತೊಸ್ಕಾ ಮತ್ತು ಗಾಯಕವೃಂದ ಹಾಡುವುದು ಕೇಳಿಸಬೇಕು. ಅವರು ನಿಂತಿರುವುದು ತೆರೆಯ ಹಿಂದೆ. ರಂಗದ ಮುಂದೆ ವಾದ್ಯವೃಂದ ಕೂರುವ ತಗ್ಗು ಜಾಗವಾದ ಪಿಟ್‌ನಲ್ಲಿರುವ ಕಂಡಕ್ಟರ್ ನಮಗೆ ಕಾಣುವುದು ಸಣ್ಣ ಟಿವಿ ಪರದೆಯಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 34 ಮೀಟರ್ ಹಿಂದಿನಿಂದ ಬರುವ ದನಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗುತ್ತದೆ, ಸಂಗೀತದಲ್ಲಿ ಅಷ್ಟು ತಡ ಎಲ್ಲರ ಕಿವಿಗೂ ಬೀಳುತ್ತದೆ. ಹಾಗಾಗಿ ತೆರೆಮರೆಯಲ್ಲಿ ನಿಂತವರು ಕಿವಿಗೆ ಕೇಳುವ ವಾದ್ಯವೃಂದವನ್ನು ಬದಿಗಿಟ್ಟು, ಪರದೆಯ ಮೇಲಿನ ಕೈಗಿಂತ ಒಂದಿಷ್ಟು ಮುಂದಾಗಿ ತಾಳ ಕೊಡಬೇಕು. ಸ್ಕಾರ್ಪಿಯಾ ಸಿಟ್ಟಿನಿಂದ ಕಿಟಕಿ ಮುಚ್ಚಿದ ಕ್ಷಣ ತೆರೆಮರೆಯ ಹಾಡು ನಿಲ್ಲಬೇಕು. ಪ್ರೇಕ್ಷಕರಾರೂ ನೋಡದ ಈ ಕೆಲಸವನ್ನು ಮನಸ್ಸಿಟ್ಟು ಮಾಡಿದ ಯುವ ಕಂಡಕ್ಟರ್, ಮುಂದೆ ಪಿಟ್‌ಗೆ ಇಳಿದಾಗ ರಂಗದ ಹಿಂದಿರುವವರಿಗೆ ತನ್ನ ಕೈ ಹೇಗೆ ಕಾಣುತ್ತದೆ ಎಂಬುದನ್ನು ಮರೆಯುವುದಿಲ್ಲ.

ಇನ್ನೊಬ್ಬರು ಸಿದ್ಧಗೊಳಿಸಿದ ಒಪೆರಾದ ಮುಂದಿನ ಪ್ರದರ್ಶನವೊಂದನ್ನು ವಾದ್ಯವೃಂದದೊಂದಿಗೆ ತಾಲೀಮೇ ಇಲ್ಲದೆ ನಡೆಸುವುದು ಬಹುಶಃ ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಅಲ್ಲಿ ಮಾತಿಗೆ ಅವಕಾಶವಿಲ್ಲ, ಏನನ್ನು ಬಯಸಿದರೂ ಕೈಯಲ್ಲೇ ತೋರಿಸಬೇಕು. ರಂಗಪ್ರದರ್ಶನವಿಲ್ಲದ, ವಾದ್ಯವೃಂದದ ಸಿಂಫನಿ ಕಛೇರಿಗೆ ಮುನ್ನ ತಾಲೀಮಿನಲ್ಲಿ ನಿಲ್ಲಿಸಿ ವಿವರಿಸುವ ಅನುಕೂಲ ಇದ್ದೇ ಇರುತ್ತದೆ. ಕಛೇರಿಯ ದಾರಿಯಿಂದ ಬಂದವರೂ ದೊಡ್ಡವರಾಗಿದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ: ಮುಂಬೈಯ ಜುಬಿನ್ ಮೆಹ್ತಾ ವಿಯೆನ್ನಾದಲ್ಲಿ ಕಲಿತು, 1958ರಲ್ಲಿ ಲಿವರ್‌ಪೂಲ್ ಕಂಡಕ್ಟರ್‌ಗಳ ಸ್ಪರ್ಧೆ ಗೆದ್ದು ಬೆಳೆದವರು. ಆದರೂ ಸ್ಪರ್ಧೆಯ ಬಹುಮಾನದಿಂದ ನೇರವಾಗಿ ದೊಡ್ಡ ವೇದಿಕೆಗೆ ಹಾರುವ ಅವಕಾಶ ಸಿಕ್ಕ ಯುವಜನರು ಸಣ್ಣ ಊರಿನ ರಂಗಮಂದಿರವನ್ನು ಕಡೆಗಣಿಸಬಾರದೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಂಡಕ್ಟರ್ ಕಿರಿಲ್ ಪೆಟ್ರೆಂಕೊ 2001ರಲ್ಲಿ ವಾಗ್ನರ್‌ನ ‘ರಿಂಗ್’ನ ನಾಲ್ಕೂ ಒಪೆರಾಗಳನ್ನು ಸಾಲಾಗಿ ನಾಲ್ಕು ದಿನ ನಡೆಸಿದ್ದು ಮೈನಿಂಗನ್ ಎಂಬ ಪುಟ್ಟ ಊರಿನಲ್ಲಿ. ಪ್ರಸಿದ್ಧ ವಾದ್ಯವೃಂದವಾದ ಬರ್ಲಿನ್ ಫಿಲ್ಹಾರ್ಮೋನಿಕ್ ಅವರ ಕೈಗೆ ಬಂದದ್ದು 2019ರಲ್ಲಿ.

ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುತ್ತಾ ಈ ದಾರಿಯ ಬಗ್ಗೆ ಯೋಚಿಸುವವರಿಗೆ ನನ್ನ ಸಲಹೆ, ಕನ್ನಡಿಯ ಮುಂದೆ ಕೈ ಬೀಸುವ ಅಭ್ಯಾಸಕ್ಕಿಂತ ಮೊದಲು ಪಿಯಾನೊ, ಜರ್ಮನ್ ಮತ್ತು ಇಟಾಲಿಯನ್ ಭಾಷೆಗಳಿಗೆ ಸಮಯ ಕೊಡಿ ಎಂಬುದು. ಕೊರೆಪೆಟಿಟರ್ ಹುದ್ದೆಯ ಆಯ್ಕೆಯಲ್ಲಿ ‘ಕಾರ್ಮೆನ್’ ಒಪೆರಾದಲ್ಲಿ ಐವರು ಒಟ್ಟಿಗೆ ಹಾಡುವ ಭಾಗವನ್ನು ಕೇಳುವುದು ವಾಡಿಕೆ, ಅದನ್ನು ನುಡಿಸುತ್ತಲೇ ಐವರ ಮಾತುಗಳನ್ನೂ ಸಾಧ್ಯವಾದಷ್ಟು ಹಾಡಿ ತೋರಿಸಬೇಕಾಗುತ್ತದೆ. ದನಿ ಇಂಪಾಗಿರಬೇಕಾಗಿಲ್ಲ, ಆದರೆ ಯಾರು ಯಾವಾಗ ಬರುತ್ತಾರೆ ಎಂಬುದರಲ್ಲಿ ತಪ್ಪಬಾರದು.