ಸ್ಕ್ಯಾನರ್ ಕೂಡ ಕೀಬೋರ್ಡೇ

ಮುಂಬಯಿಯ ಉಪನಗರದಲ್ಲಿ ಕನ್ನಡ ಸಂಘವೊಂದರ ಪುಟ್ಟ ವಾಚನಾಲಯ. ಓದುಗರು ಪುಸ್ತಕ ಹುಡುಕುವುದಕ್ಕೂ ಗ್ರಂಥಪಾಲಕರು ಪುಸ್ತಕ ಕೊಡುವುದಕ್ಕೂ ಅಲ್ಲಿರುವುದು ಒಂದೇ ಟಚ್‌ಸ್ಕ್ರೀನ್ ಕಂಪ್ಯೂಟರ್, ವಿಂಡೋಸ್ 11ರದ್ದು. ಇಕ್ಕಟ್ಟಾದ ಮೇಜು, ಕೀಬೋರ್ಡಿಗೆ ಜಾಗವಿಲ್ಲ. ಅಕ್ಷರಗಳು ಪರದೆಯ ಮೇಲೇ ಬರಬೇಕು, ಅದೂ ಕನ್ನಡದಲ್ಲಿ. ಅರ್ಧ ಗಂಟೆಯ ಕೆಲಸ ಅಂದುಕೊಂಡದ್ದು ಇಡೀ ಭಾನುವಾರ ತಿಂದಿತು.

ಕನ್ನಡ ಸೇರಿಸಿದ್ದು ಎರಡೇ ನಿಮಿಷದಲ್ಲಿ. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್, ಅಲ್ಲಿ ಕನ್ನಡ. ಪರದೆಯ ಕೀಬೋರ್ಡುಗಳು ಎರಡಿವೆ. ಆನ್-ಸ್ಕ್ರೀನ್ ಕೀಬೋರ್ಡ್ ಎಂಬ ಹಳೆಯದು ಮೌಸ್ ಹಿಡಿದವರಿಗೆ. ಕೀಲಿಗಳು ಸಣ್ಣವು, ತಾನಾಗಿ ಏಳುವುದಿಲ್ಲ. ಬೆರಳಿಗೆ ಬೇಕಾದದ್ದು ಟಚ್ ಕೀಬೋರ್ಡ್. ಸೆಟ್ಟಿಂಗ್ಸ್‌ನ ಟೈಪಿಂಗ್ ವಿಭಾಗದಲ್ಲಿ 'ಕೀಬೋರ್ಡ್ ಜೋಡಿಸಿಲ್ಲದಾಗ ತೋರಿಸು' ಎಂದು ಆರಿಸಿದ್ದಾಯಿತು.

ಹುಡುಕುವ ಚೌಕವನ್ನು ಮುಟ್ಟಿದರೆ ಕರ್ಸರ್ ಮಿನುಗುತ್ತದೆ, ಕೀಬೋರ್ಡ್ ಮಾತ್ರ ಏಳುವುದಿಲ್ಲ. ಪರದೆಯ ದೋಷವಲ್ಲ, ಬಟನ್ನುಗಳೆಲ್ಲ ಬೆರಳಿಗೆ ಓಗೊಡುತ್ತಿವೆ. ಮೂರು ಸಲ ರೀಸ್ಟಾರ್ಟ್ ಮಾಡಿದ ಮೇಲೆ ಹೊಳೆದದ್ದು ಹಿಂದೆ ಚುಚ್ಚಿದ್ದ ಬಾರ್‌ಕೋಡ್ ಸ್ಕ್ಯಾನರ್. ಅದರ ಯುಎಸ್‌ಬಿ ವೈರು ಕಿತ್ತದ್ದೇ ತಡ, ಕೀಬೋರ್ಡ್ ಎದ್ದು ನಿಂತಿತು! ಇಂಥ ಸ್ಕ್ಯಾನರುಗಳು ಸಾಮಾನ್ಯವಾಗಿ ಕೀಬೋರ್ಡಿನ ವೇಷದಲ್ಲೇ ಕಂಪ್ಯೂಟರಿಗೆ ಸೇರುತ್ತವೆ. ಓದಿದ ಸಂಖ್ಯೆಯನ್ನು ಯಾರೋ ಟೈಪ್ ಮಾಡಿದಂತೆ ಕಳಿಸಿ ಕೊನೆಗೆ ಎಂಟರ್ ಒತ್ತುತ್ತವೆ. ಕೀಬೋರ್ಡ್ ಇದೆಯಲ್ಲ ಎಂದು ವಿಂಡೋಸ್ ಸುಮ್ಮನಿತ್ತು. ವೈರ್‌ಲೆಸ್ ಕೀಬೋರ್ಡನ್ನು ಕಪಾಟಿನಲ್ಲಿಟ್ಟು ಅದರ ರಿಸೀವರನ್ನು ಹಿಂದೆಯೇ ಮರೆತರೂ ಇದೇ ಕತೆ. ಆಯ್ಕೆಯನ್ನು 'ಯಾವಾಗಲೂ' ಎಂದು ಬದಲಿಸಿದರೆ ಸಾಕು. ಹಳೆಯ ಕೆಲವು ತಂತ್ರಾಂಶಗಳಲ್ಲಿ ಆಗಲೂ ತಾನಾಗಿ ಬರುವುದಿಲ್ಲ. ಅದಕ್ಕೆ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಟಚ್ ಕೀಬೋರ್ಡ್ ಚಿಹ್ನೆಯನ್ನೂ ಕಾಯಂ ಮಾಡಿಡಬೇಕು.

ಸ್ಕ್ಯಾನರ್ ಮತ್ತೆ ಚುಚ್ಚಿದಾಗ ಹೊಸ ತಮಾಷೆ. ಪುಸ್ತಕದ ಚೀಟಿಗಳ ಮೇಲೆ ಸಂಖ್ಯೆಗೆ ಮೊದಲು ಇಂಗ್ಲಿಷಿನ ದೊಡ್ಡಕ್ಷರ ಕೆ ಮತ್ತು ಎನ್ ಇವೆ. ಕೀಬೋರ್ಡ್ ಕನ್ನಡದಲ್ಲಿರುವಾಗ ಸ್ಕ್ಯಾನ್ ಮಾಡಿದರೆ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿ ವಿನ್ಯಾಸದಲ್ಲಿ ಶಿಫ್ಟ್ ಸಹಿತ ಕೆ ಎಂದರೆ ಖ, ಎನ್ ಎಂದರೆ ಳ. ವಾಚನಾಲಯದ ಪುಸ್ತಕಗಳೆಲ್ಲ ಒಂದೇ ಏಟಿಗೆ ಖಳ! ಟೈಪಿಂಗ್‌ನ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಆ್ಯಪ್ ವಿಂಡೋಗೆ ಬೇರೆ ಬೇರೆ ಭಾಷೆ ಇಟ್ಟುಕೊಳ್ಳುವ ಆಯ್ಕೆಯಿದೆ. ಅದಕ್ಕೆ ಗುರುತು ಹಾಕಿ, ಪುಸ್ತಕ ಕೊಡುವ ವಿಂಡೋ ಇಂಗ್ಲಿಷಿನಲ್ಲಿ, ಹುಡುಕುವ ವಿಂಡೋ ಕನ್ನಡದಲ್ಲಿ ಇರುವಂತೆ ಮಾಡಿದ್ದಾಯಿತು. ಎರಡೂ ಒಂದೇ ಬ್ರೌಸರಿನ ಟ್ಯಾಬುಗಳಾಗಿದ್ದರೆ ಇದು ನಡೆಯದು, ಪ್ರತ್ಯೇಕ ವಿಂಡೋಗಳೇ ಬೇಕು.

ಕೀಬೋರ್ಡಿನ ಮೂಲೆಯ ಗೇರ್ ಚಿಹ್ನೆಯಲ್ಲಿ 'ಟ್ರೆಡಿಷನಲ್' ವಿನ್ಯಾಸ ಆರಿಸಿದ್ದು ನನ್ನ ಹಟ. ಪರದೆಯ ಕೆಳಭಾಗವನ್ನು ನುಂಗುತ್ತದೆ ನಿಜ, ಆದರೆ ಅಂಕಿಗಳ ಸಾಲು ಮೇಲೇ ಸಿಗುತ್ತದೆ.

ಸಂಜೆ ಮೊದಲು ಬಂದವರು ಉಡುಪಿ ಕಡೆಯ ಹಿರಿಯರು. ಕಾರ್ಕಳ ಎಂದು ಹುಡುಕಹೊರಟರು, ಬಂದದ್ದು ಕಾರಕಳ.

"ಅರ್ಕಾವತ್ತು ಎಲ್ಲುಂಟು ಮಾರಾಯ್ರೆ?"

"ಬೇರೆ ಕೀಲಿ ಇಲ್ಲ ಸರ್. ರ ಒತ್ತಿ, ಈ ಕೊಂಬಿನ ಹಾಗಿರುವ ಅರ್ಧಾಕ್ಷರದ ಗುರುತು ಒತ್ತಿ, ಆಮೇಲೆ ಕ."

ಒತ್ತಿದರು. ಏನೂ ಆಗಲಿಲ್ಲ. ಹೊರಗೆ ಮಳೆ, ಆಗಷ್ಟೇ ಕೊಡೆ ಮಡಚಿದ ಒದ್ದೆ ಕೈ. ನೀರು ಬಿದ್ದ ಪರದೆಗೆ ಬೆರಳು ಎಲ್ಲಿದೆಯೆಂಬುದೇ ತಿಳಿಯುವುದಿಲ್ಲ. ಪಂಚೆಗೆ ಬೆರಳೊರೆಸಿಕೊಂಡು ಮತ್ತೆ ಒತ್ತಿದರು. ಕಾರ್ಕಳ ಬಂತು. ಈಗ ಮೇಜಿನ ಪಕ್ಕ ಒಂದು ಒಣ ಬಟ್ಟೆ ನೇತಾಡುತ್ತಿದೆ.