ಮಸ್ಕತ್ತಿನ ರಿಯಾಲು, ಚನ್ನಗಿರಿಯ ರೇಟು

ಕಳೆದ ತಿಂಗಳು ದಾವಣಗೆರೆಯ ವಿದ್ಯಾನಗರದಿಂದ ನನ್ನ ಅಕ್ಕನ ಮಗ ಫೋನ್ ಮಾಡಿ, ಒಮಾನಿನ ರಾಜಧಾನಿ ಮಸ್ಕತ್ತಿನ ಒಂದು ಗುತ್ತಿಗೆ ಕಂಪನಿಯಲ್ಲಿ ತನಗೆ ತಿಂಗಳಿಗೆ 260 ರಿಯಾಲ್ ಸಂಬಳದ ಕೆಲಸ ಸಿಗುವಂತಿದೆ ಎಂದು ತಿಳಿಸಿದ. ಆ ಸಂಖ್ಯೆಯನ್ನು ಅವನು ಅಷ್ಟರಲ್ಲಾಗಲೇ 220ರಿಂದ ಗುಣಿಸಿ, 57,200 ರೂಪಾಯಿ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಅವರಮ್ಮನಿಗೂ ತೋರಿಸಿಯಾಗಿತ್ತು. "ಮಾವ, ಇಲ್ಲಿ ಇಪ್ಪತ್ತೆರಡು ಸಾವಿರಕ್ಕೆ ದುಡೀತಿದೀನಿ. ಅಲ್ಲಿಗೆ ಬಂದ್ರೆ ಎರಡೂವರೆ ಪಟ್ಟು ಆಗ್ತೈತಲ್ಲ?" ಎಂದ. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಆದರೂ ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. 2017ರಲ್ಲಿ ಇದೇ ಗುಣಾಕಾರವನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿ ಮಸ್ಕತ್ತಿಗೆ ಬಂದವನು ನಾನು. ಫೋನಿನಲ್ಲಿ ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು, ಅವನಂತೆಯೇ ಹೊರಡಲು ಸಿದ್ಧರಾಗಿರುವ ಊರಿನ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಒಮಾನಿನ ಒಂದು ರಿಯಾಲಿಗೆ ಸಾವಿರ ಬೈಸಾ. ನಮ್ಮಲ್ಲಿಯಂತೆ ನೂರಲ್ಲ, ಸಾವಿರ. ಆದ್ದರಿಂದ ಇಲ್ಲಿನ ಎಲ್ಲ ಬೆಲೆಗಳಲ್ಲಿ ಚುಕ್ಕೆಯ ನಂತರ ಮೂರು ಅಂಕಿಗಳಿರುತ್ತವೆ. 1.500 ಎಂಬ ಚೀಟಿಯನ್ನು ಊರಿನಿಂದ ಹೊಸದಾಗಿ ಬಂದವರು ಸಾವಿರದ ಐನೂರು ಎಂದು ಓದಿ ಬೆಚ್ಚಿಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಒಂದೂವರೆ ರಿಯಾಲ್ ಅಷ್ಟೆ. ನೋಟುಗಳು ಐವತ್ತು ರಿಯಾಲಿನಿಂದ ಆರಂಭವಾಗಿ ಅರ್ಧ ರಿಯಾಲ್ ಮತ್ತು ನೂರು ಬೈಸಾದವರೆಗೆ ಇಳಿಯುತ್ತವೆ. ಅದಕ್ಕಿಂತ ಕೆಳಗೆ ಐವತ್ತು, ಇಪ್ಪತ್ತೈದು, ಹತ್ತು, ಐದು ಬೈಸಾದ ನಾಣ್ಯಗಳಿವೆ. ನೂರು ಬೈಸಾದ ನೋಟೆಂದರೆ ನಮ್ಮ ಇಪ್ಪತ್ತೆರಡು ರೂಪಾಯಿ. ಒಂದು ಲೋಟ ಕರಕ್ ಚಹಾಕ್ಕೆ ನಾನು ಕೊಡುವುದು ಅದನ್ನೇ.

ಈ ಮೂರನೆಯ ಅಂಕಿಯ ಮಹತ್ವವನ್ನು ನಾನು ಕಲಿತದ್ದು ಕಚೇರಿಯ ಚಿಲ್ಲರೆ ಖರ್ಚಿನ ಪುಸ್ತಕದಲ್ಲಿ. ಲೆಕ್ಕ ಬರೆಯುವುದೇ ನನ್ನ ಕಸುಬು. ಸೇರಿದ ಮೊದಲ ತಿಂಗಳು ಯಾವುದೋ ನಕಲು ಪ್ರತಿಗಳ ಬಿಲ್ಲಿಗೆ ಎರಡು ರಿಯಾಲ್ ಎಪ್ಪತ್ತೈದು ಬೈಸಾ ಕೊಟ್ಟು, ಹತ್ತು ವರ್ಷದ ಅಭ್ಯಾಸಬಲದಿಂದ ಪುಸ್ತಕದಲ್ಲಿ 2.75 ಎಂದು ಬರೆದೆ. ತಿಂಗಳ ಕೊನೆಯಲ್ಲಿ ಪೆಟ್ಟಿಗೆಯ ಹಣ ಎಣಿಸಿದರೆ 675 ಬೈಸಾ ಹೆಚ್ಚಿಗೆ ಬಂತು. ಕಡಿಮೆ ಬಂದಿದ್ದರೆ ಜೇಬಿನಿಂದ ತುಂಬಿ ಸುಮ್ಮನಾಗಬಹುದಿತ್ತು. ಹೆಚ್ಚು ಬಂದರೆ ಲೆಕ್ಕಿಗನಿಗೆ ನಿದ್ದೆ ಬರುವುದಿಲ್ಲ. ಎರಡು ಗಂಟೆ ತಡಕಾಡಿದ ಮೇಲೆ, ಪಕ್ಕದ ಮೇಜಿನ ಹಿರಿಯರೊಬ್ಬರು ಬೆರಳಿಟ್ಟು ತೋರಿಸಿದರು. ಎರಡು ರಿಯಾಲ್ ಎಪ್ಪತ್ತೈದು ಬೈಸಾ ಎಂದರೆ 2.075, ನಾನು ಬರೆದದ್ದು ಎರಡೂಮುಕ್ಕಾಲು ರಿಯಾಲ್ ಆಗಿತ್ತು. ಅಂದಿನಿಂದ ಇಂದಿನವರೆಗೆ ತರಕಾರಿ ಚೀಟಿಯಲ್ಲೂ ನಾನು ಚುಕ್ಕೆಯ ನಂತರ ಮೂರು ಅಂಕಿಗಳನ್ನು ಬರೆಯದೆ ಬಿಟ್ಟಿಲ್ಲ.

ಅಂಕಿಗಳ ಇನ್ನೊಂದು ತೊಡಕು ಕನ್ನಡದವರಿಗೇ ಮೀಸಲಾದದ್ದು. ನೋಟಿನ ಒಂದು ಬದಿಯಲ್ಲಿ ಇಂಗ್ಲಿಷ್ ಇದ್ದರೆ ಇನ್ನೊಂದು ಬದಿಯಲ್ಲಿ ಅರಬ್ಬಿ ಅಂಕಿಗಳಿರುತ್ತವೆ. ಅವುಗಳಲ್ಲಿ ಐದು ಎಂಬುದು ನಮ್ಮ ಸೊನ್ನೆಯಂತೆಯೇ ದುಂಡಗಿರುತ್ತದೆ. ಸೊನ್ನೆಯಾದರೋ ಬರಿಯ ಒಂದು ಚುಕ್ಕೆ. ಶಾಲೆಯಲ್ಲಿ ಕನ್ನಡ ಅಂಕಿಗಳಲ್ಲೇ ಮಗ್ಗಿ ಬರೆದ ನನ್ನಂಥವನಿಗೆ ಐದು ರಿಯಾಲಿನ ನೋಟು ಸೊನ್ನೆ ರಿಯಾಲಿನಂತೆ ಕಾಣುತ್ತಿತ್ತು. ಮತ್ರಾ ಮಾರುಕಟ್ಟೆಯಲ್ಲಿ ಕೈಬರಹದ ಬೆಲೆಚೀಟಿ ಕಂಡರೆ ಈಗಲೂ ಒಂದು ಕ್ಷಣ ನಿಂತು, ದುಂಡಗಿರುವುದು ಐದು, ಚುಕ್ಕೆ ಸೊನ್ನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಂದಕ್ಕೆ ಹೋಗುತ್ತೇನೆ.

ಬೈಸಾ ಎಂಬುದು ನಮ್ಮ ಪೈಸೆಯೇ. ಅರಬ್ಬಿಯಲ್ಲಿ ಪಕಾರವಿಲ್ಲದ ಕಾರಣ ಅದು ಬಕಾರವಾಯಿತು. ಹೆಸರು ಬಂದ ದಾರಿಯಲ್ಲೇ ಒಂದು ಕಾಲಕ್ಕೆ ಹಣವೂ ಬಂದಿತ್ತು. ಕೊಲ್ಲಿಯ ಊರುಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಅಲ್ಲಿಂದ ಭಾರತಕ್ಕೆ ಕಳ್ಳಸಾಗಣೆಯಾಗುತ್ತಿದ್ದ ಚಿನ್ನಕ್ಕೆ ರೂಪಾಯಿಯಲ್ಲಿ ಬೆಲೆ ಸಂದಾಯವಾಗಿ, ಆ ರೂಪಾಯಿಗಳು ಕೊಲ್ಲಿಯ ಬ್ಯಾಂಕುಗಳ ಮೂಲಕ ಪೌಂಡಾಗಿ ಬದಲಾಗುತ್ತ ನಮ್ಮ ವಿದೇಶಿ ವಿನಿಮಯವನ್ನು ಕರಗಿಸತೊಡಗಿದಾಗ, ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ, ಕ್ರಮಸಂಖ್ಯೆಗೆ ಮೊದಲು ಜೆಡ್ ಅಕ್ಷರವಿದ್ದ ನೋಟುಗಳನ್ನು ಅಚ್ಚು ಹಾಕಿಸಿತು. ಕುವೈತ್ 1961ರಲ್ಲೇ ತನ್ನ ದಿನಾರಿಗೆ ಹೊರಳಿಕೊಂಡಿತು. 1966ರ ಜೂನಿನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯ ಬೆಲೆಯನ್ನು 7.50ಕ್ಕೆ ಇಳಿಸಿದಾಗ, ಒಂದೇ ದಿನದಲ್ಲಿ ತಮ್ಮ ಜೇಬು ಹಗುರವಾದದ್ದನ್ನು ಕಂಡ ಉಳಿದವರೂ ರೂಪಾಯಿಯನ್ನು ಕೈಬಿಟ್ಟರು. ಕೊನೆಯವರೆಗೆ ಉಳಿಸಿಕೊಂಡದ್ದು ಒಮಾನ್. ಅದೂ 1970ರಲ್ಲಿ ತನ್ನದೇ ರಿಯಾಲಿಗೆ ಬದಲಾಯಿತು.

ಈಗ ರೇಟಿನ ವಿಷಯಕ್ಕೆ ಬರುತ್ತೇನೆ. ರಿಯಾಲಿನ ಬೆಲೆ 1986ರಿಂದ ಡಾಲರಿಗೆ ಕಟ್ಟುಬಿದ್ದಿದೆ: ಒಂದು ರಿಯಾಲಿಗೆ 2.6008 ಡಾಲರ್. ಹೀಗಾಗಿ ರಿಯಾಲ್ ಏರಿತು ಎಂದು ಊರಿನಲ್ಲಿ ಯಾರಾದರೂ ಹೇಳಿದರೆ ಅದರ ಅರ್ಥ ಡಾಲರಿನೆದುರು ರೂಪಾಯಿ ಇಳಿಯಿತು ಎಂದಷ್ಟೆ. ಒಮಾನಿನಲ್ಲಿ ಏನೂ ಆಗಿರುವುದಿಲ್ಲ. ಡಾಲರಿನ ಬೆಲೆಯನ್ನು 2.6ರಿಂದ ಗುಣಿಸಿದರೆ ರಿಯಾಲಿನ ಬೆಲೆ ಸಿಗುತ್ತದೆ. ಡಾಲರಿಗೆ 65 ಇದ್ದ ಕಾಲದಲ್ಲಿ, ಅಂದರೆ ನಾನು ಬಂದ ಹೊಸತರಲ್ಲಿ, ಅದು 169ರ ಆಸುಪಾಸಿನಲ್ಲಿತ್ತು. 85 ದಾಟಿದ ಮೇಲೆ 221ರ ಮೇಲಕ್ಕೆ ಹೋಯಿತು. ಲೆಕ್ಕಕ್ಕೆ ಸುಲಭವಾಗಲೆಂದು ನಾನು ಇಲ್ಲೆಲ್ಲ 220 ಎಂದೇ ಹಿಡಿದಿದ್ದೇನೆ. ನನ್ನ ಸಂಬಳ ಒಂದು ರಿಯಾಲೂ ಏರದ ವರ್ಷಗಳಲ್ಲಿ ಕೂಡ ಮದುವೆ ಮನೆಗಳಲ್ಲಿ "ನಿನಗೇನಪ್ಪ, ರೇಟು ಏರೈತಿ" ಎಂಬ ಮಾತನ್ನು ನಾನು ಕೇಳಬೇಕಾಗಿ ಬಂದಿದೆ. ಆ ಮಾತಿನಲ್ಲಿ ನಿಜವಿಲ್ಲದಿಲ್ಲ. ದಾವಣಗೆರೆಯ ಬ್ಯಾಂಕಿನಲ್ಲಿದ್ದ ಮನೆಸಾಲದ ಕಂತು ರೂಪಾಯಿಯಲ್ಲಿದ್ದುದರಿಂದ ಅದು ನನಗೆ ವರ್ಷದಿಂದ ವರ್ಷಕ್ಕೆ ಹಗುರವಾಯಿತು. ಆದರೆ ತಂಗಿಗೆ ಬಳೆ ಮಾಡಿಸಲು ಹೋದಾಗ ಅದೇ ರೇಟು ನನ್ನ ಕೈ ಹಿಡಿಯಲಿಲ್ಲ, ಏಕೆಂದರೆ ಚಿನ್ನದ ಬೆಲೆ ನಿಗದಿಯಾಗುವುದೂ ಡಾಲರಿನಲ್ಲೇ. ರೂಪಾಯಿ ಇಳಿದಷ್ಟೂ ಚೌಕಿಪೇಟೆಯ ಚಿನ್ನವೂ ಏರಿಕೊಳ್ಳುತ್ತದೆ.

ಫೋನಿನಲ್ಲಿ ಕಾಣುವ ರೇಟು ಯಾರ ಕೈಗೂ ಸಿಗುವುದಿಲ್ಲ. ಅದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಂಡು ಮಾರುವ ಬೆಲೆಗಳ ನಡುವಿನ ಸಂಖ್ಯೆ. ಮಸ್ಕತ್ತಿನ ರೂವಿ ಬಡಾವಣೆಯಲ್ಲಿ ಹಣ ಬದಲಿಸಿ ಊರಿಗೆ ಕಳಿಸುವ ಎಕ್ಸ್‌ಚೇಂಜಿನ ಹಲಗೆಯಲ್ಲಿ ಅದಕ್ಕಿಂತ ಒಂದು ರೂಪಾಯಿಯಷ್ಟು ಕಡಿಮೆ ಬರೆದಿರುತ್ತದೆ, ಅದರ ಮೇಲೆ ಕಳಿಸುವ ಶುಲ್ಕ ಬೇರೆ. ಒಮ್ಮೆ ನಾನು 200 ರಿಯಾಲ್ ಕಳಿಸಿದ ದಿನದ ಲೆಕ್ಕ ಹೀಗಿತ್ತು: ಫೋನಿನಲ್ಲಿ 221.40, ಹಲಗೆಯಲ್ಲಿ 220.30, ಶುಲ್ಕ ಎರಡು ರಿಯಾಲ್. ನನ್ನ ಕೈಯಿಂದ ಹೋದದ್ದು 202 ರಿಯಾಲ್, ಅಪ್ಪನ ಖಾತೆಗೆ ಬಿದ್ದದ್ದು 44,060 ರೂಪಾಯಿ. ಭಾಗಿಸಿ ನೋಡಿದರೆ ನಿಜವಾದ ರೇಟು 218.12. ಇದನ್ನು ಅಪ್ಪನಿಗೆ ಹೇಗೆ ಬಿಡಿಸಿ ಹೇಳುವುದೆಂದು ನಾನು ತಿಣುಕುತ್ತಿದ್ದೆ. ಅವರು ಚನ್ನಗಿರಿ ಕಡೆಯ ತೋಟದವರು. ನಲವತ್ತು ವರ್ಷ ಅಡಿಕೆ ಮಾರಿದವರು. ನನ್ನ ಮಾತು ಮುಗಿಯುವ ಮೊದಲೇ ಅವರೆಂದರು: "ಇದರಾಗೆ ಹೊಸದೇನೈತೋ? ಪೇಪರ್‌ನಾಗೆ ರಾಶಿ ಅಡಿಕೆಗೆ ಒಂದು ರೇಟು ಹಾಕಿರ್ತಾರೆ. ಮಂಡಿಗೆ ಹೋದ್ರೆ ಇನ್ನೊಂದು. ತೂಕದಾಗೆ ಕಳದು, ಹಮಾಲಿ ಕಳದು, ಕೈಗೆ ಎಷ್ಟು ಬಂತೋ ಅದೇ ರೇಟು." ಅಂದಿನಿಂದ ನಾವಿಬ್ಬರೂ ಫೋನಿನಲ್ಲಿ ರೇಟು ಎಂದರೆ ಕೈಗೆ ಬಂದ ರೇಟು ಎಂದೇ ತಿಳಿಯುತ್ತೇವೆ. ಶುಲ್ಕ ಮೊತ್ತಕ್ಕೆ ತಕ್ಕಂತೆ ಏರುವುದಿಲ್ಲವಾದ್ದರಿಂದ ತಿಂಗಳಿಗೆ ನಾಲ್ಕು ಸಲ ಐವತ್ತೈವತ್ತು ಕಳಿಸುವುದಕ್ಕಿಂತ ಒಂದೇ ಸಲ ಕಳಿಸುವುದು ಮೇಲು. ರೇಟು ಇನ್ನೂ ಏರಲಿ ಎಂದು ಕಾಯುತ್ತ ಕೂರುವವರನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಡಿಕೆ ಇಟ್ಟುಕೊಂಡು ಕೂತು ಕೊನೆಗೆ ಇಳಿದ ಬೆಲೆಗೆ ಕೊಟ್ಟವರನ್ನು ನಮ್ಮ ಊರಿನಲ್ಲಿ ಬೇಕಾದಷ್ಟು ಜನರನ್ನು ನೋಡಿದ್ದೇನೆ.

ಇದೆಲ್ಲ ಕಳಿಸುವ ಹಣದ ಲೆಕ್ಕ. ಇಲ್ಲಿಯೇ ಖರ್ಚಾಗುವ ಹಣಕ್ಕೆ ಈ ಲೆಕ್ಕ ಒಗ್ಗುವುದಿಲ್ಲ ಎಂಬುದೇ ನಾನು ಅಳಿಯನಿಗೆ ಹೇಳಬೇಕಾಗಿದ್ದ ಮಾತು. ಹೊಸಬರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಪ್ರತಿಯೊಂದನ್ನೂ 220ರಿಂದ ಗುಣಿಸಿ, 700 ಬೈಸಾದ ಮಸಾಲೆ ದೋಸೆಗೆ 154 ರೂಪಾಯಿ ಆಯಿತಲ್ಲ ಎಂದು ಹೊಟ್ಟೆ ಕಟ್ಟುತ್ತಾರೆ. ನಾನು ಮೊದಲ ಮೂರು ತಿಂಗಳು ಬೆಳಗಿನ ಹೊತ್ತು ಬ್ರೆಡ್ಡು ತಿಂದು ಕಳೆದದ್ದು ಹೀಗೆಯೇ. ಇನ್ನು ಕೆಲವರು 0.800, 0.950 ಎಂಬ ಅಂಕಿಗಳನ್ನು ನೋಡುತ್ತ ನೋಡುತ್ತ, ಒಂದಕ್ಕಿಂತ ಕಡಿಮೆಯಿರುವುದೆಲ್ಲ ಅಗ್ಗ ಎಂಬ ಭ್ರಮೆಗೆ ಬೀಳುತ್ತಾರೆ. ರಿಯಾಲಿನಂಥ ತೂಕದ ಹಣದಲ್ಲಿ ಈ ಎರಡನೆಯದೇ ಹೆಚ್ಚು ಅಪಾಯಕಾರಿ. ಊರಿನಲ್ಲಿ ಇನ್ನೂರು ರೂಪಾಯಿ ಬಿಚ್ಚಲು ಯೋಚಿಸುವವರು ಇಲ್ಲಿ ತಂಪು ಪಾನೀಯ, ಚಿಪ್ಸು ಎಂದು ದಿನಕ್ಕೊಂದು ರಿಯಾಲನ್ನು ಗೊತ್ತೇ ಆಗದಂತೆ ಕಳೆಯುತ್ತಾರೆ.

ನಾನು ಕೊನೆಗೆ ಹಿಡಿದ ದಾರಿ ದುಡಿಮೆಯ ಹೊತ್ತಿನಿಂದ ಅಳೆಯುವುದು. ಅಳಿಯನ 260 ರಿಯಾಲನ್ನು 26 ದಿನಗಳಿಗೆ ಹಂಚಿದರೆ ದಿನಕ್ಕೆ ಹತ್ತು ರಿಯಾಲ್, ಎಂಟು ಗಂಟೆಯ ಕೆಲಸವೆಂದರೆ ಗಂಟೆಗೆ 1.250. ದಾವಣಗೆರೆಯ ಅವನ 22,000 ರೂಪಾಯಿಯನ್ನೂ ಹಾಗೆಯೇ ಹಂಚಿದರೆ ಗಂಟೆಗೆ ಸುಮಾರು 106 ರೂಪಾಯಿ. ಈಗ ನೋಡಿ: ರೂವಿಯ ಮಸಾಲೆ ದೋಸೆಗೆ ಅವನು ದುಡಿಯಬೇಕಾದದ್ದು 34 ನಿಮಿಷ; ಊರಿನಲ್ಲಿ ಎಪ್ಪತ್ತು ರೂಪಾಯಿಯ ಬೆಣ್ಣೆ ದೋಸೆಗೆ 40 ನಿಮಿಷ. ಹೆಚ್ಚುಕಡಿಮೆ ಒಂದೇ. (ರುಚಿಯ ಮಾತು ಬೇರೆ, ಅದರಲ್ಲಿ ನಾನು ತಟಸ್ಥನಲ್ಲ.) ಪೆಟ್ರೋಲಿಗೆ ಇಲ್ಲಿನ ಸರ್ಕಾರ 2021ರ ನವೆಂಬರಿನಿಂದ ಗರಿಷ್ಠ ಬೆಲೆ ಗೊತ್ತುಮಾಡಿದ್ದು, 95ರ ದರ್ಜೆಯದು ಲೀಟರಿಗೆ 239 ಬೈಸಾ, ಅಂದರೆ ಹನ್ನೊಂದೂವರೆ ನಿಮಿಷದ ದುಡಿಮೆ. ಲೀಟರಿಗೆ ನೂರು ದಾಟಿರುವ ದಾವಣಗೆರೆಯಲ್ಲಿ ಅದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆದರೆ ರೂವಿಯಲ್ಲಿ ನಾಲ್ವರ ಕೋಣೆಯಲ್ಲಿ ಒಂದು ಮಂಚ, ಇಲ್ಲಿಯವರು ಬೆಡ್ ಸ್ಪೇಸ್ ಎನ್ನುವುದು, ತಿಂಗಳಿಗೆ 45 ರಿಯಾಲ್, ಎಂದರೆ ನಾಲ್ಕೂವರೆ ದಿನದ ಕೂಲಿ. ವಿದ್ಯಾನಗರದ ಮನೆಯಲ್ಲಿ ಅವನು ಮಲಗುವ ಮಂಚಕ್ಕೆ ಬಾಡಿಗೆಯಿಲ್ಲ, ಅವರಮ್ಮ ಹಾಕುವ ರೊಟ್ಟಿಗೆ ಬಿಲ್ಲಿಲ್ಲ.

ಹೀಗಾಗಿ 57,200ರ ಕೆಳಗೆ ಇನ್ನೊಂದು ಲೆಕ್ಕ ಬರೆದುಕೊಳ್ಳಲು ಹೇಳಿದೆ. ಮಂಚಕ್ಕೆ 45, ಊಟಕ್ಕೆ 50, ಫೋನಿಗೆ 10, ಕೆಲಸಕ್ಕೆ ಹೋಗಿಬರಲು 15, ಸೋಪು, ಕ್ಷೌರ, ಮಾತ್ರೆ ಎಂದು ಇನ್ನೊಂದು 15; ಒಟ್ಟು 135. ಉಳಿಯುವುದು 125 ರಿಯಾಲ್. ಆ 125ನ್ನು ಮಾತ್ರ 220ರಿಂದ ಗುಣಿಸಬೇಕು: 27,500 ರೂಪಾಯಿ. ಸಂಬಳದ ಮೇಲೆ ಇಲ್ಲಿ ಸದ್ಯ ಆದಾಯ ತೆರಿಗೆಯಿಲ್ಲ. 2028ರಿಂದ ಬರುವುದೆಂದು ಘೋಷಣೆಯಾಗಿದ್ದರೂ ಅದು ವರ್ಷಕ್ಕೆ 42,000 ರಿಯಾಲ್ ಮೀರಿದವರಿಗೆ; ನಮ್ಮ ಹಣಕ್ಕೆ ಒಂಬತ್ತು ಕೋಟಿಯೋ ತೊಂಬತ್ತು ಲಕ್ಷವೋ ಎಂದು ಅಳಿಯ ಕೇಳಿದ. ತೊಂಬತ್ತೆರಡು ಲಕ್ಷ, ಆ ಚಿಂತೆ ನಮಗಿಬ್ಬರಿಗೂ ಬೇಡ ಎಂದೆ. ಕಂಪನಿಯೇ ಕೋಣೆ ಮತ್ತು ವಾಹನ ಕೊಡುವುದಾದರೆ ಉಳಿತಾಯ 185 ರಿಯಾಲಿಗೆ, ಅಂದರೆ 40,700 ರೂಪಾಯಿಗೆ ಏರುತ್ತದೆ. ರೇಟು 220ರಿಂದ 230 ಆದರೆ ಅವನಿಗೆ ಸಿಗುವುದು 1,250 ರೂಪಾಯಿ. ಕೋಣೆ ಮತ್ತು ಬಸ್ಸು ಸಿಕ್ಕರೆ 13,200. ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂದು ಅವನಿಗೆ ಇದರಿಂದಲೇ ತಿಳಿಯಿತು.

ಹೊರಡುವವರಿಗೆ ಇನ್ನೆರಡು ಮಾತು. ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು, ಅನಿವಾಸಿ ಭಾರತೀಯರ ಊರಿನ ಆದಾಯಕ್ಕೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಂಡು, ಇಲ್ಲಿನ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆದುಕೊಳ್ಳಬೇಕು. ಎರಡನೆಯದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಜೇಬಿನಲ್ಲಿ ರೂಪಾಯಿ ನೋಟುಗಳನ್ನು ಒಯ್ಯಲು, ತರಲು ಒಬ್ಬರಿಗೆ 25,000ದ ಮಿತಿಯಿದೆ. ನನ್ನ ಕೋಣೆಯ ಹಿರಿಯರೊಬ್ಬರು ರಜೆಗೆ ಹೋದಾಗ ಆಟೋಕ್ಕೆ ಬೇಕಾಗುತ್ತದೆಂದು ಪೆಟ್ಟಿಗೆಯಲ್ಲಿ ಐನೂರರ ಹಳೆಯ ನೋಟುಗಳನ್ನಿಟ್ಟಿದ್ದರು. 2016ರ ನವೆಂಬರ್ 8ರಂದು ಅವು ರದ್ದಾದವು. ಹೊರದೇಶದಲ್ಲಿ ನೆಲೆಸಿದ್ದ ಅನಿವಾಸಿ ಭಾರತೀಯರಿಗೆ 2017ರ ಜೂನ್ 30ರವರೆಗೆ ಅವಕಾಶವೇನೋ ಇತ್ತು, ಆದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಿ, ರಿಸರ್ವ್ ಬ್ಯಾಂಕಿನ ಬೆರಳೆಣಿಕೆಯ ಕಚೇರಿಗಳಿಗೇ ಹೋಗಬೇಕಾಗಿತ್ತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಅವರ ನೋಟುಗಳು ಇನ್ನೂ ಆ ಪೆಟ್ಟಿಗೆಯಲ್ಲೇ ಇವೆ.

ನಿನ್ನೆ ರಾತ್ರಿ ಅಳಿಯನ ಸಂದೇಶ ಬಂತು. "ಮಾವ, ರೂಮು ಕಂಪನಿದೇ ಅಂತೆ. ಊಟ ನಮ್ದು." ಹಾಗಾದರೆ ಉಳಿಯುವುದು 170 ರಿಯಾಲ್, 37,400 ರೂಪಾಯಿ ಎಂದು ಉತ್ತರ ಬರೆದು, ಕೋಣೆಯಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಬಸ್ಸು ಯಾರದು ಎಂದು ಕೇಳಿದೆ. ಅದನ್ನು ಅವನು ವಿಚಾರಿಸಿರಲಿಲ್ಲ. ಸೋಮವಾರ ಕೇಳಿ ತಿಳಿಸುತ್ತೇನೆ ಎಂದಿದ್ದಾನೆ.